10 ಲೀಟರ್ ಸಿಂಪಡಣೆ ಡ್ರೋನ್: ದೋಷ ಹುಡುಕುವ ಕೈಪಿಡಿ

ಡ್ರೋನ್ ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತಿಲ್ಲ ಎಂದ ಕೂಡಲೇ ಹೆಚ್ಚಿನವರು ಕಂಪಾಸ್ ಕ್ಯಾಲಿಬ್ರೇಶನ್‌ಗೆ (ದಿಕ್ಸೂಚಿಯ ಅಳತೆಯನ್ನು ಹೊಸದಾಗಿ ಹೊಂದಿಸುವುದಕ್ಕೆ) ಕೈ ಹಾಕುತ್ತಾರೆ. ಅದರಿಂದ ಗುಣವಾಗದಿದ್ದರೆ ಆಕ್ಸೆಲೆರೋಮೀಟರ್ (ಅಲುಗಾಟ, ಓರೆ ಅಳೆಯುವ ಸೆನ್ಸರ್), ಆಮೇಲೆ ರೇಡಿಯೊ, ಕೊನೆಗೆ ಇಎಸ್‌ಸಿ (ಮೋಟಾರಿನ ವೇಗ ನಡೆಸುವ ಬೋರ್ಡು). ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸಡಿಲವಾದ ತೋಳನ್ನು ಕ್ಯಾಲಿಬ್ರೇಶನ್ ಬಿಗಿ ಮಾಡುವುದಿಲ್ಲ, ಸುಟ್ಟ ಕನೆಕ್ಟರನ್ನು ಹೊಸದು ಮಾಡುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸರಿಯಾಗಿದ್ದ ಹಳೆಯ ಅಳತೆ ಅಳಿಸಿಹೋಗಿ ಒಂದಿದ್ದ ದೋಷ ಎರಡಾಗುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಕ್ಯಾಲಿಬ್ರೇಶನ್ ಬರುವುದು ದುರಸ್ತಿ ಮುಗಿದ ನಂತರ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ನಮ್ಮ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವ ಯಂತ್ರ: ಆರು ತೋಳು, 12 ಸೆಲ್‌ನ 16,000 ಮಿಲಿಆಂಪ್-ಅವರ್ ಬ್ಯಾಟರಿ, 23 ಇಂಚಿನ ಮಡಚುವ ಪ್ರೊಪೆಲ್ಲರ್, ಆರ್ಡುಪೈಲಟ್ ಫರ್ಮ್‌ವೇರ್ (ಒಳಗಿನ ಹಾರಾಟದ ತಂತ್ರಾಂಶ) ಇರುವ ಕಂಟ್ರೋಲರ್, ಅಂದರೆ ಡ್ರೋನಿನ ಮಿದುಳು. ಟ್ಯಾಂಕ್ ತುಂಬಿದಾಗ ಒಟ್ಟು ತೂಕ 24 ಕೆಜಿಯ ಆಸುಪಾಸು. ಜನ ಇದನ್ನು ‘ಮೀಡಿಯಂ ಡ್ರೋನ್’ ಎಂದೇ ಕರೆಯುತ್ತಾರೆ. 2021ರ ಡ್ರೋನ್ ನಿಯಮಗಳ ಲೆಕ್ಕದಲ್ಲಿ ಮಾತ್ರ 2 ಕೆಜಿ ದಾಟಿ 25 ಕೆಜಿವರೆಗಿನದು ‘ಸಣ್ಣ’ ವರ್ಗ. 25 ದಾಟಿ 150 ಕೆಜಿವರೆಗಿನದು ‘ಮಧ್ಯಮ’. 16 ಲೀಟರ್ ಟ್ಯಾಂಕಿನ ಯಂತ್ರಗಳು ಆ ಗೆರೆ ದಾಟುವುದುಂಟು. ದೋಷ ಹುಡುಕುವ ಕ್ರಮ ಎರಡಕ್ಕೂ ಒಂದೇ. ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸಿಕ್ಕ ಸರ್ಕಾರಿ ಮಾನ್ಯತೆ) ಇರುವ ಯಂತ್ರವಾದರೆ ಫರ್ಮ್‌ವೇರ್ ಬದಲಿಸುವುದು, ಬೇರೆ ಜಾತಿಯ ಮೋಟಾರ್ ಕೂರಿಸುವುದು ತಯಾರಕರ ಕೆಲಸ. ನೀವು ದೋಷವನ್ನು ಹಿಡಿದು ತೋರಿಸಿ, ಭಾಗವನ್ನು ಅವರಿಂದಲೇ ಹಾಕಿಸಿ.

ಬಿಚ್ಚುವ ಮೊದಲು

ನೆಲದ ಮೇಲೆ ಯಾವ ಪರೀಕ್ಷೆ ಮಾಡುವುದಿದ್ದರೂ ಪ್ರೊಪೆಲ್ಲರ್ ಕಳಚಿಡಿ. ಮಡಚಿಟ್ಟರೆ ಸಾಲದು, ಮೋಟಾರ್ ತಿರುಗಿದ ಕ್ಷಣ ಅವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. 23 ಇಂಚಿನ ಕಾರ್ಬನ್ ಅಲಗು ಬೆರಳಿಗೆ ತಾಗಿದರೆ ಕುಡುಗೋಲಿನ ಏಟಿಗೂ ಮೇಲು.

ಮುಂದೆ ಎರಡು ಕೆಲಸ. ಈಗಿರುವ ಪ್ಯಾರಾಮೀಟರ್‌ಗಳನ್ನು (ಕಂಟ್ರೋಲರಿನ ಸೆಟ್ಟಿಂಗ್‌ಗಳನ್ನು) ಒಂದು ಫೈಲಾಗಿ ಉಳಿಸಿ, ಹೆಸರಿನಲ್ಲಿ ದಿನಾಂಕ ಇರಲಿ. ಬಳಿಕ ಎಸ್‌ಡಿ ಕಾರ್ಡಿನಿಂದ ದೋಷ ಕಂಡ ಹಾರಾಟದ ಲಾಗ್ (ಕಂಟ್ರೋಲರ್ ಬರೆದಿಟ್ಟ ದಾಖಲೆ) ತೆಗೆದುಕೊಂಡು ಮಿಷನ್ ಪ್ಲಾನರ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ತೆರೆಯಿರಿ. ಡ್ರೋನ್ ಹಾರಿಸಿದವರನ್ನು ಕೇಳಿ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಟ್ಯಾಂಕಿನಲ್ಲಿ ಎಷ್ಟು ಔಷಧಿ ಇತ್ತು, ಹಾರಿಸಿ ಎಷ್ಟನೇ ನಿಮಿಷಕ್ಕೆ ತೊಂದರೆ ಬಂತು, ಯಾವ ಮೋಡ್‌ನಲ್ಲಿತ್ತು. ತುಂಬಿದ ಟ್ಯಾಂಕಿನಲ್ಲಿ ಮಾತ್ರ ಬರುವ ದೋಷ ಹೆಚ್ಚಾಗಿ ಬ್ಯಾಟರಿ, ಕನೆಕ್ಟರ್ ಅಥವಾ ಸೋತ ಮೋಟಾರಿನದು. ಅರ್ಧ ಟ್ಯಾಂಕಿನಲ್ಲಿ, ಅದೂ ಸಾಲಿನ ತುದಿಯಲ್ಲಿ ಬ್ರೇಕ್ ಹಾಕಿದಾಗ ಮಾತ್ರ ತೊನೆದಾಡಿದರೆ ಅದು ಟ್ಯಾಂಕಿನೊಳಗೆ ನೀರು ಅಲುಗುವುದರ ಫಲ. ಅದಕ್ಕೆ ಟ್ಯಾಂಕಿನ ಅಡ್ಡಗೋಡೆ ಮುರಿದಿದೆಯೇ ನೋಡಿ, ಬ್ರೇಕಿನ ವೇಗ ತಗ್ಗಿಸಿ, ಅಲ್ಲಿಗೆ ಮುಗಿಯಿತು.

ಲಾಗ್‌ನಲ್ಲಿ ಮೊದಲು ನೋಡಬೇಕಾದದ್ದು ಅದು ಎಲ್ಲಿ ಮುಗಿದಿದೆ ಎಂಬುದು. ನೆಲಕ್ಕಿಳಿದು ಮುಗಿದಿದ್ದರೆ ಸರಿ. ಎತ್ತರ ಇನ್ನೂ 4 ಮೀಟರ್ ತೋರಿಸುತ್ತಿರುವಾಗಲೇ ಲಾಗ್ ಕತ್ತರಿಸಿದಂತೆ ನಿಂತಿದ್ದರೆ ಕಂಟ್ರೋಲರ್‌ಗೆ ಬರುತ್ತಿದ್ದ ಕರೆಂಟ್ ನಿಂತುಹೋಗಿದೆ. ಪವರ್ ಮಾಡ್ಯೂಲ್, ಅದರ ಪುಟ್ಟ ಕನೆಕ್ಟರ್ ಮತ್ತು 5 ವೋಲ್ಟ್‌ನ ವೈರ್ ಬಿಟ್ಟು ಬೇರೆಲ್ಲೂ ಹುಡುಕಬೇಡಿ. ಕಂಟ್ರೋಲರ್‌ನ ಒಳ ವೋಲ್ಟೇಜ್ 5ರ ಹತ್ತಿರ ಇದ್ದು 0.1–0.15 ವೋಲ್ಟ್ ಏರಿಳಿದರೆ ಸಹಜ. ಪಂಪು ಶುರುವಾದಾಗ ಅದಕ್ಕಿಂತ ಹೆಚ್ಚು ಕುಸಿದರೆ ಪಂಪು ಮತ್ತು ಕಂಟ್ರೋಲರ್ ಒಂದೇ ರೆಗ್ಯುಲೇಟರಿನಿಂದ ಕರೆಂಟ್ ಎಳೆಯುತ್ತಿವೆಯೇ ನೋಡಿ. ಬೇರೆ ಬೇರೆ ಮಾಡಿ.

ಒಂದೇ ಜಾಗದಲ್ಲಿ ಗಿರಕಿ ಹೊಡೆಯುವುದು

ಲಾಯ್ಟರ್‌ನಲ್ಲಿ (ಜಿಪಿಎಸ್ ನೆರವಿನಿಂದ ಒಂದೇ ಜಾಗ ಹಿಡಿದು ನಿಲ್ಲುವ ಮೋಡ್) ನಿಲ್ಲಿಸಿದ ಡ್ರೋನ್ ನಿಂತಲ್ಲಿ ನಿಲ್ಲದೆ ಗಾಣದೆತ್ತಿನಂತೆ ಸುತ್ತತೊಡಗುತ್ತದೆ, ಸುತ್ತು ದೊಡ್ಡದಾಗುತ್ತ ಹೋಗುತ್ತದೆ. ಜಿಪಿಎಸ್‌ಗೆ ಜಾಗ ಗೊತ್ತಿದೆ, ಆದರೆ ಉತ್ತರ ಎಲ್ಲಿದೆ ಎಂಬುದು ಕಂಟ್ರೋಲರ್‌ಗೆ ತಪ್ಪಾಗಿ ಗೊತ್ತಿದೆ. ತಾನು ಪೂರ್ವಕ್ಕೆ ಸರಿದೆ ಎಂದು ತಿಳಿದು ಪಶ್ಚಿಮಕ್ಕೆ ಹೋಗಲು ನೋಡುತ್ತದೆ, ನಿಜವಾಗಿ ಹೋಗುವುದು ನೈಋತ್ಯಕ್ಕೆ. ಅಲ್ಲಿಂದ ಮತ್ತೆ ತಿದ್ದುಪಡಿ, ಮತ್ತೆ ಓರೆ. ತಪ್ಪು 90 ಡಿಗ್ರಿ ದಾಟಿದರೆ ತಿದ್ದಲು ಹೊರಟಷ್ಟೂ ದೂರ ಓಡುತ್ತದೆ. ಹೀಗಾದ ಕ್ಷಣ ಸ್ಟೆಬಿಲೈಸ್ ಅಥವಾ ಆಲ್ಟ್ ಹೋಲ್ಡ್‌ಗೆ (ಇವು ಜಿಪಿಎಸ್ ಬಳಸದ ಮೋಡ್‌ಗಳು) ಬದಲಿಸಿ, ಕೈಯಲ್ಲೇ ನಡೆಸಿ ಇಳಿಸಿ. ರಿಟರ್ನ್ ಬಟನ್ ಒತ್ತಬೇಡಿ. ಅದೂ ಅದೇ ತಪ್ಪು ಉತ್ತರವನ್ನೇ ನಂಬಿ ಹೊರಡುತ್ತದೆ.

ಕಂಪಾಸ್ ತಪ್ಪಿದೆ ಎಂಬುದಷ್ಟೇ ಸಾಲದು, ಏಕೆ ತಪ್ಪಿತು ಎಂಬುದು ಬೇಕು. ಅದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಬಯಲಿನಲ್ಲಿ, ಮೋಟಾರುಗಳು ನಿಂತಿರುವಾಗ, ಡ್ರೋನ್ ಮೂತಿಯನ್ನು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಹೀಗೆ ನಾಲ್ಕೂ ಕಡೆ ತಿರುಗಿಸಿ ನಿಲ್ಲಿಸಿ. ಪ್ರತಿ ಸಲವೂ ಪರದೆಯ ಮೇಲಿನ ಡಿಗ್ರಿಯನ್ನೂ ಐದಾರು ಹೆಜ್ಜೆ ದೂರ ನಿಂತು ಕೈ ದಿಕ್ಸೂಚಿಯಲ್ಲಿ ಓದಿದ್ದನ್ನೂ ಬರೆದುಕೊಳ್ಳಿ.

ನಾಲ್ಕೂ ಕಡೆ ಒಂದೇ ಬಗೆಯ ವ್ಯತ್ಯಾಸ, ಉದಾಹರಣೆಗೆ ಎಲ್ಲ ಕಡೆ 20 ಡಿಗ್ರಿ ಹೆಚ್ಚು ಬಂದರೆ, ಜಿಪಿಎಸ್ ಕಂಬವೇ ತಿರುಗಿ ಕುಳಿತಿದೆ. ಸಾಗಿಸುವಾಗ ಟೆಂಪೋದಲ್ಲಿ ಏನೋ ತಾಗಿರುತ್ತದೆ. ಬಾಣದ ಗುರುತನ್ನು ಮೂತಿಗೆ ಸರಿಯಾಗಿ ತಿರುಗಿಸಿ ಬಿಗಿ ಮಾಡಿದರೆ ಆಯಿತು. ವ್ಯತ್ಯಾಸ ಸರಿಯಾಗಿ 90 ಅಥವಾ 180 ಇದ್ದರೆ ಪ್ಯಾರಾಮೀಟರಿನ ಓರಿಯಂಟೇಶನ್ (ಕಂಪಾಸ್ ಕೂತಿರುವ ದಿಕ್ಕು) ತಪ್ಪು.

ಒಂದೊಂದು ಕಡೆ ಒಂದೊಂದು ವ್ಯತ್ಯಾಸ, ಉತ್ತರಕ್ಕೆ 5, ಪೂರ್ವಕ್ಕೆ 25 ಹೀಗೆ ಬಂದರೆ ಡ್ರೋನಿನ ಮೇಲೇ ಕಬ್ಬಿಣವೋ ಅಯಸ್ಕಾಂತವೋ ಕೂತಿದೆ. ಸ್ಟೇನ್‌ಲೆಸ್ ಸ್ಕ್ರೂ ಬದಲು ಹಾಕಿದ ಕಬ್ಬಿಣದ ಸ್ಕ್ರೂ, ಹೊಸದಾಗಿ ಕೂರಿಸಿದ ಬಜರ್, ಟೇಪು ಸುತ್ತಿ ಕಟ್ಟಿದ ಸ್ಪ್ರಿಂಗ್ ಕ್ಲಿಪ್ಪು, ಇವೇ ಹೆಚ್ಚಿನ ಸಲ ಸಿಗುವ ಕಳ್ಳರು. ತೆಗೆದ ಮೇಲೆ ಮಾತ್ರ ಕ್ಯಾಲಿಬ್ರೇಶನ್.

ಮೋಟಾರ್ ನಿಂತಿದ್ದಾಗ ಎಲ್ಲ ಸರಿ, ಹಾರಿದಾಗ ಮಾತ್ರ ತಪ್ಪು ಎಂದಾದರೆ ಅದು ಕರೆಂಟಿನ ಕಾಟ. ಇದು ಎಷ್ಟು ದೊಡ್ಡದೆಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 400 ಮಿಲಿಗಾಸ್. 60 ಆಂಪಿಯರ್ ಹರಿಯುವ ಒಂಟಿ ವೈರಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹುಟ್ಟುವ ಕ್ಷೇತ್ರವೂ ಹತ್ತಿರಹತ್ತಿರ ಅಷ್ಟೇ. 10 ಸೆಂಟಿಮೀಟರಿನಲ್ಲಿ ಅದರ ಮೂರು ಪಟ್ಟು. ಹೋಗುವ ವೈರ್ ಮತ್ತು ಬರುವ ವೈರ್ ಅಂಟಿಕೊಂಡಿದ್ದರೆ ಒಂದರ ಕ್ಷೇತ್ರ ಇನ್ನೊಂದರಿಂದ ಬಹುಪಾಲು ಅಳಿಸಿಹೋಗುತ್ತದೆ. ಹಾಗಾಗಿ ಕೆಂಪು-ಕಪ್ಪು ವೈರ್‌ಗಳನ್ನು ಹೆಣೆದು ಕಟ್ಟಿ, ಎರಡನ್ನೂ ಎರಡು ಬದಿಯಿಂದ ಸುತ್ತಿಸಿ ತರಬೇಡಿ. ಬ್ಯಾಟರಿ ತಟ್ಟೆ ಬದಲಿಸಿದ ಯಂತ್ರಗಳಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಲಾಗ್‌ನಲ್ಲಿ ಇದನ್ನು ಖಚಿತಪಡಿಸಿಕೊಳ್ಳಲು ಕಂಪಾಸಿನ ಒಟ್ಟು ಬಲವನ್ನೂ ಥ್ರಾಟಲನ್ನೂ (ಮೋಟಾರುಗಳಿಗೆ ಕೊಡುವ ಶಕ್ತಿಯ ಮಟ್ಟ) ಒಂದೇ ನಕ್ಷೆಯಲ್ಲಿ ಹಾಕಿ. ಥ್ರಾಟಲ್ ಏರಿದಾಗ ಬಲ ಶೇ 30ರೊಳಗೆ ಬದಲಾದರೆ ನಡೆಯುತ್ತದೆ. 30ರಿಂದ 60 ಅನುಮಾನದ ವಲಯ. 60 ದಾಟಿದರೆ ಹಾರಿಸಲೇಬೇಡಿ, ಜಿಪಿಎಸ್ ಕಂಬ ಎತ್ತರಿಸಿ.

ಇನ್ನೊಂದು ಗಿರಕಿ ಇದೆ, ಅದಕ್ಕೆ ಯಂತ್ರ ಕಾರಣವಲ್ಲ. ಟ್ರ್ಯಾಕ್ಟರ್ ಟ್ರೇಲರಿನ ಮೇಲಿಂದ, ಆರ್‌ಸಿಸಿ ಮಾಳಿಗೆಯಿಂದ, ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್ ಪಕ್ಕದಿಂದ ಹಾರಿಸಿದಾಗ ಡ್ರೋನ್ ತಪ್ಪು ದಿಕ್ಕನ್ನು ಹಿಡಿದುಕೊಂಡೇ ಮೇಲೇಳುತ್ತದೆ. ಹತ್ತು ಮೀಟರ್ ಆಚೆ ಬರೀ ಮಣ್ಣಿನ ಮೇಲಿಟ್ಟು ಹಾರಿಸಿ ನೋಡಿ. ದೋಷ ಮಾಯವಾದರೆ ಯಂತ್ರಕ್ಕೆ ಕೈ ಹಚ್ಚಬೇಡಿ.

ತಿರುಚುವುದು, ಒಂದು ಬದಿಗೆ ವಾಲುವುದು

ಈ ದೋಷದಲ್ಲಿ ಲಾಗ್‌ನಷ್ಟು ನೆರವಾಗುವ ವಸ್ತು ಬೇರೆ ಇಲ್ಲ. ಗಾಳಿ ಇಲ್ಲದ ಬೆಳಗ್ಗೆ ಒಂದು ನಿಮಿಷ ಒಂದೇ ಕಡೆ ತೇಲಿಸಿ, ಆ ನಿಮಿಷದಲ್ಲಿ ಆರೂ ಮೋಟಾರುಗಳಿಗೆ ಹೋದ ಆದೇಶದ ಸರಾಸರಿ ತೆಗೆಯಿರಿ. ಅಂಕಿ 1000ರಿಂದ 2000ದವರೆಗೆ ಇರುತ್ತದೆ. ಆರ್ಡುಪೈಲಟ್‌ನ ಹೆಕ್ಸಾ ಎಕ್ಸ್ ಎಂಬ ಆರು ತೋಳಿನ ಚೌಕಟ್ಟಿನಲ್ಲಿ 1 ಬಲಗಡೆಯದು, 2 ಎಡಗಡೆಯದು, 3 ಮುಂದಿನ ಎಡ, 4 ಹಿಂದಿನ ಬಲ, 5 ಮುಂದಿನ ಬಲ, 6 ಹಿಂದಿನ ಎಡ. 1, 3, 6 ಪ್ರದಕ್ಷಿಣೆಯಾಗಿ ತಿರುಗುತ್ತವೆ. 2, 4, 5 ಅಪ್ರದಕ್ಷಿಣೆಯಾಗಿ.

ಮಿಷನ್ ಪ್ಲಾನರ್‌ನ ಮೋಟಾರ್ ಟೆಸ್ಟ್‌ನಲ್ಲಿ ಮಾತ್ರ ಎಚ್ಚರ. ಅಲ್ಲಿನ ಎ, ಬಿ, ಸಿ ಗುಂಡಿಗಳು ಈ ಸಂಖ್ಯೆಯಲ್ಲ. ಎ ಎಂದರೆ ಮುಂದಿನ ಬಲ, ಅಲ್ಲಿಂದ ಪ್ರದಕ್ಷಿಣೆಯಾಗಿ ಒಂದೊಂದೇ. ಇದನ್ನು ತಪ್ಪು ತಿಳಿದು ಸರಿಯಿದ್ದ ವೈರುಗಳನ್ನು ಅದಲುಬದಲು ಮಾಡಿದವರು ಬಹಳ.

ಈಗ ಅಂಕಿಗಳನ್ನು ಓದಿ. ಮುಂದಿನ 3 ಮತ್ತು 5 ಹೆಚ್ಚು, ಹಿಂದಿನ 4 ಮತ್ತು 6 ಕಡಿಮೆ ಇದ್ದರೆ ಮೂತಿ ಭಾರ. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ. ಖಾಲಿ ಟ್ಯಾಂಕಿನಲ್ಲಿ ಸಮವಾಗಿದ್ದು ತುಂಬಿದಾಗ ಹೀಗಾದರೆ ಟ್ಯಾಂಕೇ ನಡುವಿನಲ್ಲಿ ಕೂತಿಲ್ಲ.

1, 3, 6 ಮೂರೂ 1640ರ ಹತ್ತಿರ, 2, 4, 5 ಮೂರೂ 1500ರ ಹತ್ತಿರ ಹೀಗೆ ಗುಂಪು ಗುಂಪಾಗಿ ಬೇರೆಯಾದರೆ ಚೌಕಟ್ಟು ತನ್ನಷ್ಟಕ್ಕೆ ಪ್ರದಕ್ಷಿಣೆಯಾಗಿ ತಿರುಚಿಕೊಳ್ಳಲು ನೋಡುತ್ತಿದೆ, ಕಂಟ್ರೋಲರ್ ಅದನ್ನು ಹಿಡಿದು ನಿಲ್ಲಿಸುತ್ತಿದೆ. ಯಾವುದೋ ಮೋಟಾರ್ ನೆಟ್ಟಗೆ ಕೂತಿಲ್ಲ. 4 ಕೆಜಿ ಎತ್ತುವ ಮೋಟಾರ್ 3 ಡಿಗ್ರಿ ವಾಲಿದರೆ ಸುಮಾರು 200 ಗ್ರಾಂ ಬಲ ಪಕ್ಕಕ್ಕೆ ತಳ್ಳುತ್ತದೆ, ಅದೂ ತೋಳಿನ ತುದಿಯಲ್ಲಿ. ಪ್ರತಿ ಮೋಟಾರಿನ ತಲೆಯ ಮೇಲೆ ಸಣ್ಣ ರಸಮಟ್ಟ ಅಥವಾ ಡಿಜಿಟಲ್ ಲೆವೆಲ್ ಇಟ್ಟು, ನಡುವಿನ ತಟ್ಟೆಗೆ ಹೋಲಿಸಿ ನೋಡಿ. ಅರ್ಧ ಡಿಗ್ರಿಯೊಳಗೆ ಇದ್ದರೆ ಸಾಕು. ಕಾರ್ಬನ್ ಕೊಳವೆಯನ್ನು ಹಿಡಿಯುವ ಕ್ಲಾಂಪ್ ಸಡಿಲಾಗಿ ಕೊಳವೆ ಹೊರಳಿರುತ್ತದೆ. ನೆಟ್ಟಗೆ ಮಾಡಿ, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಬಿಗಿ ಮಾಡಿ, ಕೊಳವೆಗೂ ಕ್ಲಾಂಪಿಗೂ ಸೇರಿ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಮುಂದೆ ಹೊರಳಿದರೆ ಗೆರೆ ಮುರಿದು ಕಾಣುತ್ತದೆ. ಬಿಗಿ ಮಾಡುವ ಭರದಲ್ಲಿ ಕೊಳವೆ ಸೀಳಿಸಬೇಡಿ. ಕ್ಲಾಂಪ್ ತೆಗೆದಾಗ ಕೊಳವೆಯ ಮೇಲೆ ಬೆಳ್ಳಗಿನ ಪುಡಿ, ನಾರು ಎದ್ದಿದ್ದರೆ ಆ ಕೊಳವೆಯ ಆಯುಷ್ಯ ಮುಗಿದಿದೆ.

ಒಂದೇ ಮೋಟಾರ್ ಹೆಚ್ಚು, ಅದರ ನೇರ ಎದುರಿನದು ಕಡಿಮೆ ಇದ್ದರೆ ಹೆಚ್ಚು ತೋರಿಸುವ ತೋಳೇ ದುರ್ಬಲ. ಮೊದಲು ಅಲಗುಗಳು: ಅಂಚಿನಲ್ಲಿ ಉಗುರು ಆಡಿಸಿ ಸೀಳು ಹುಡುಕಿ, ಅಲಗಿನ ಬುಡದ ತೆಳು ವಾಷರ್ ಸವೆದಿದೆಯೇ ನೋಡಿ. ಬುಡದ ಸ್ಕ್ರೂ ಅಲಗು ಕೈಯಲ್ಲಿ ಸ್ವಲ್ಪ ಬಿಗುವಾಗಿ ಮಡಚುವಷ್ಟಿರಬೇಕು. ಕಲ್ಲಿನಂತೆ ಬಿಗಿದರೆ ಅಲಗು ತಾನಾಗಿ ನೇರ ನಿಲ್ಲಲಾರದೆ ನಡುಕ ಹುಟ್ಟಿಸುತ್ತದೆ. ಅಲಗು ಬದಲಿಸುವುದಾದರೆ ಜೋಡಿಯನ್ನೇ ಬದಲಿಸಿ. ಆಮೇಲೆ ಬೇರಿಂಗ್: ಮೋಟಾರನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದಾಗ ರಾಗಿ ಬೀಸಿದಂತೆ ಗರಗರ ಸದ್ದು ಬಂದರೆ, ಮೇಲೆ ಕೆಳಗೆ ಆಟ ಇದ್ದರೆ ಬದಲಿಸಿ. ಐದು ನಿಮಿಷ ಹಾರಿಸಿ ಇಳಿಸಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಆರೂ ಮೋಟಾರುಗಳನ್ನು ಅಳೆಯಿರಿ. ಒಂದು ಮಾತ್ರ ಉಳಿದವುಗಳಿಗಿಂತ 10–15 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಅದನ್ನು ನಂಬಬೇಡಿ.

ಹಾರಾಟದ ನಡುವೆ ಇದ್ದಕ್ಕಿದ್ದಂತೆ ಒಂದು ಮೋಟಾರಿನ ಆದೇಶ ತುತ್ತತುದಿಗೆ ಏರಿ, ಎದುರಿನದು ತಳಕ್ಕಿಳಿದು, ಯಂತ್ರ ಆ ತೋಳಿನ ಕಡೆ ವಾಲಿದ್ದರೆ ಆ ಮೋಟಾರ್ ತಿರುಗುವುದನ್ನೇ ನಿಲ್ಲಿಸಿದೆ. ಬಯಸಿದ ಓರೆ ಮತ್ತು ನಿಜವಾದ ಓರೆ ಎಂಬ ಎರಡು ಗೆರೆಗಳು ಆ ಕ್ಷಣದಲ್ಲಿ ಬೇರೆಬೇರೆಯಾಗುತ್ತವೆ. ಅಲ್ಲಿಯವರೆಗೆ ಒಂದರ ಮೇಲೊಂದು ಕೂತಿದ್ದ ಗೆರೆಗಳು ಅಗಲಿದ್ದು ಹಾರಿಸಿದವರ ಕೈ ತಪ್ಪಲ್ಲ ಎಂಬುದಕ್ಕೆ ಸಾಕ್ಷಿಯೂ ಹೌದು. ಇಎಸ್‌ಸಿಗೆ ಹೋಗುವ ಬೆಸುಗೆ, ಸಿಗ್ನಲ್ ವೈರ್, ತೋಳು ಮಡಚುವ ಜಾಗದಲ್ಲಿ ಸವೆದ ವೈರಿನ ಹೊದಿಕೆ, ಇಎಸ್‌ಸಿಯ ಮೇಲೆ ಹಸಿರು ಕಿಲುಬು, ಈ ಕ್ರಮದಲ್ಲಿ ನೋಡಿ. ಬೋರ್ಡೊ ದ್ರಾವಣ ಹೊಡೆಯುವ ಅಡಿಕೆ ತೋಟದ ಯಂತ್ರಗಳಲ್ಲಿ ಕಿಲುಬು ಮೊದಲೇ ಸಿಗುತ್ತದೆ. ಅದರಲ್ಲಿರುವ ಮೈಲುತುತ್ತು ತಾಮ್ರದ ಉಪ್ಪು, ಅಲ್ಯೂಮಿನಿಯಂ ಮತ್ತು ಬೆಸುಗೆ ಎರಡನ್ನೂ ತಿನ್ನುತ್ತದೆ.

ಆರು ತೋಳಿದ್ದರೆ ಒಂದು ಹೋದರೂ ಇಳಿಸಬಹುದು ಎನ್ನುವ ಮಾತು ಖಾಲಿ ಟ್ಯಾಂಕಿಗೆ ಸರಿ. ತುಂಬಿದ ಟ್ಯಾಂಕಿನಲ್ಲಿ ತೇಲುವಾಗಲೇ ಥ್ರಾಟಲ್ ಶೇ 70 ದಾಟುತ್ತಿದ್ದರೆ ಉಳಿದ ಮೋಟಾರುಗಳಿಗೆ ಕೊಡಲು ಏನೂ ಮಿಕ್ಕಿರುವುದಿಲ್ಲ. 50–60ರೊಳಗೆ ಇರುವಷ್ಟೇ ತುಂಬಿಸಿ.

ರಿಮೋಟಿನ ಕೋಲು ಮುಟ್ಟದೆ ಮೇಲೇರುವುದು

ಎತ್ತರ ಹಿಡಿದು ನಿಲ್ಲಬೇಕಾದ ಡ್ರೋನ್ ತಾನಾಗಿ ಏರತೊಡಗಿದರೆ ಬಾರೋಮೀಟರನ್ನು (ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೆನ್ಸರ್) ಬೈಯುತ್ತಾರೆ. ಅದೂ ಇರಬಹುದು: ಸ್ಪಂಜು ಕಳಚಿ ಪ್ರೊಪೆಲ್ಲರ್ ಗಾಳಿ ನೇರವಾಗಿ ಬಡಿಯುತ್ತಿರಬಹುದು, ಬಿಸಿಲಿಗೆ ಕಾದ ಕಂಟ್ರೋಲರ್ ಹಾರಿದ ಮೇಲೆ ತಣ್ಣಗಾಗುತ್ತ ಅಳತೆ ಜಾರುತ್ತಿರಬಹುದು. ಬಾರೋಮೀಟರಿನ ತಪ್ಪು ಸಾಮಾನ್ಯವಾಗಿ ನಿಧಾನದ್ದು. ರಭಸದಿಂದ ಏರಿದರೆ ನಡುಕದ ಅಂಕಿ ನೋಡಿ.

ಲಾಗ್‌ನ ವೈಬ್ ಎಂಬ ಸಾಲಿನಲ್ಲಿ ಮೂರು ದಿಕ್ಕಿನ ನಡುಕ ಇರುತ್ತದೆ. 30ರ ಕೆಳಗೆ ಇದ್ದರೆ ನಿಶ್ಚಿಂತೆ, 30 ದಾಟಿದರೆ ತೊಂದರೆ ಬರಬಹುದು, 60 ದಾಟಿದರೆ ಬಂದೇ ಬರುತ್ತದೆ. ಜೊತೆಗಿರುವ ಕ್ಲಿಪ್ ಎಣಿಕೆ ಹಾರಾಟದುದ್ದಕ್ಕೂ ಸೊನ್ನೆಯಲ್ಲೇ ಇರಬೇಕು. ಅದು ಏರುತ್ತಿದೆ ಎಂದರೆ ಆಕ್ಸೆಲೆರೋಮೀಟರ್ ತನ್ನ ಮಿತಿ ಮೀರಿ ಅಲುಗುತ್ತಿದೆ, ಆ ಅಳತೆ ಸುಳ್ಳು. ಸುಳ್ಳು ಅಳತೆ ನಂಬಿದ ಕಂಟ್ರೋಲರ್ ತಾನು ಬೀಳುತ್ತಿದ್ದೇನೆಂದು ಭಾವಿಸಿ ಥ್ರಾಟಲ್ ಏರಿಸುತ್ತದೆ.

ನಡುಕದ ಮೂಲ ಯಾವುದೆಂದು ಆವರ್ತನದಿಂದ ತಿಳಿಯಬಹುದು. ಮೋಟಾರ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50. ಎರಡು ಅಲಗಿನ ಪ್ರೊಪೆಲ್ಲರಾದ್ದರಿಂದ 100ರಲ್ಲಿ ಸ್ವಲ್ಪ ನಡುಕ ಇದ್ದೇ ಇರುತ್ತದೆ, ಅದು ಅಲಗು ಗಾಳಿ ಕಡಿಯುವ ಸದ್ದು. ಆದರೆ 50ರಲ್ಲಿ ಶಿಖರ ಎದ್ದರೆ ಒಂದು ಸುತ್ತಿಗೆ ಒಂದು ಏಟು ಎಂದರ್ಥ: ತೂಕ ತಪ್ಪಿದ ಅಲಗು ಜೋಡಿ ಅಥವಾ ಬಾಗಿದ ಶಾಫ್ಟ್. ಎಲ್ಲ ಅಲಗೂ ಸರಿಯಿದ್ದು ನಡುಕ ಮಾತ್ರ ಹೆಚ್ಚಿದ್ದರೆ ಕಂಟ್ರೋಲರ್ ಕೆಳಗಿನ ರಬ್ಬರ್ ಡ್ಯಾಂಪರ್ ಹಿಸುಕಿ ನೋಡಿ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಒಂದೆರಡು ಬೇಸಿಗೆಯಲ್ಲಿ ಅದು ಗಟ್ಟಿಯಾಗುತ್ತದೆ. ದಪ್ಪ ವೈರಿನ ಕಟ್ಟು ಕಂಟ್ರೋಲರಿಗೆ ಬಿಗಿಯಾಗಿ ಎಳೆದುಕೊಂಡಿದ್ದರೂ ನಡುಕ ಡ್ಯಾಂಪರನ್ನು ಬಳಸಿ ಒಳಗೆ ಬರುತ್ತದೆ. ಸಾಫ್ಟ್‌ವೇರಿನ ನಾಚ್ ಫಿಲ್ಟರ್ (ಒಂದು ಆವರ್ತನದ ನಡುಕವನ್ನು ಅಳತೆಯಿಂದ ಸೋಸಿ ತೆಗೆಯುವಂಥದ್ದು) ಒಳ್ಳೆಯದೇ, ಆದರೆ ಸೀಳಿದ ಅಲಗಿಗೆ ಅದನ್ನು ಮದ್ದಾಗಿ ಬಳಸಬೇಡಿ.

ಬ್ಯಾಟರಿ ಅರ್ಧ ಇದ್ದಾಗಲೇ ಮನೆಗೆ ಮರಳುವುದು

12 ಸೆಲ್ ತುಂಬಿದಾಗ 50.4 ವೋಲ್ಟ್. ಸೆಲ್‌ಗೆ 3.5ರಂತೆ 42 ವೋಲ್ಟ್‌ಗೆ ಇಳಿದರೆ ಮರಳುವಂತೆ ಎಚ್ಚರಿಕೆ ಇಟ್ಟಿದ್ದೀರಿ ಎಂದುಕೊಳ್ಳಿ. ತೇಲುವಾಗ 60 ಆಂಪಿಯರ್ ಹರಿಯುತ್ತದೆ. ಒಳ್ಳೆಯ ಪ್ಯಾಕಿನ ಪ್ರತಿ ಸೆಲ್‌ನ ಒಳ ತಡೆ 2.5 ಮಿಲಿಓಮ್ ಎಂದರೆ ಒಟ್ಟು 30, ಕುಸಿತ 1.8 ವೋಲ್ಟ್. ಅದೇ ಪ್ಯಾಕು ಹಳತಾಗಿ ಸೆಲ್‌ಗೆ 6 ಮಿಲಿಓಮ್ ಆದರೆ ಒಟ್ಟು 72, ಕುಸಿತ 4.3 ವೋಲ್ಟ್. ಅರ್ಧ ಚಾರ್ಜಿನಲ್ಲಿ ಸೆಲ್ 3.8 ಇದ್ದರೂ 45.6ರಿಂದ 4.3 ಕಳೆದು 41.3 ಉಳಿಯಿತು. ಡ್ರೋನ್ ಮರಳಿತು. ಇಳಿದು ಎರಡು ನಿಮಿಷಕ್ಕೆ ಮೀಟರ್ ಹಿಡಿದರೆ ಮತ್ತೆ 45 ತೋರಿಸುತ್ತದೆ, ಹಾರಿಸಿದವರಿಗೆ ಸೆನ್ಸರ್ ಮೇಲೆ ಅನುಮಾನ. ಎಚ್ಚರಿಕೆಯ ಮಿತಿಯನ್ನು 40ಕ್ಕೆ ಇಳಿಸಿ ಕೆಲಸ ಮುಂದುವರಿಸುವುದು ಇಲ್ಲಿ ನಡೆಯುವ ಅತಿ ದುಬಾರಿ ತಪ್ಪು.

ಚಾರ್ಜರಿನಲ್ಲೇ ಪ್ರತಿ ಸೆಲ್‌ನ ಒಳ ತಡೆ ನೋಡಿ. ಎಲ್ಲವೂ ಸಮವಾಗಿ ಏರಿದ್ದರೆ ಪ್ಯಾಕಿಗೆ ವಯಸ್ಸಾಗಿದೆ, ಅರ್ಧ ಟ್ಯಾಂಕಿಗೆ ಬಳಸಿ ಇನ್ನಷ್ಟು ದಿನ ನಡೆಸಬಹುದು. ಒಂದು ಸೆಲ್ ಮಾತ್ರ ಏರಿದ್ದರೆ, ಅಥವಾ ಹಾರಾಟ ಮುಗಿದಾಗ ಒಂದು ಸೆಲ್ ಉಳಿದವುಗಳಿಗಿಂತ 0.1 ವೋಲ್ಟ್ ಕೆಳಗಿದ್ದರೆ, ಪ್ಯಾಕು ಉಬ್ಬಿದ್ದರೆ ಅದು ಹಾರಾಟಕ್ಕೆ ಬೇಡ.

ಸೆಲ್‌ಗಳೆಲ್ಲ ಸರಿಯಿದ್ದೂ ಕುಸಿತ ಹೆಚ್ಚಿದ್ದರೆ ಕನೆಕ್ಟರ್. ಅಲ್ಲಿ ಬರೀ 5 ಮಿಲಿಓಮ್ ತಡೆ ಇದ್ದರೆ 60 ಆಂಪಿಯರಿಗೆ 18 ವ್ಯಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಕಾವಿಯಷ್ಟು. ಪಿನ್ ಕಪ್ಪಾಗಿದ್ದರೆ ಮರಳು ಕಾಗದ ಉಜ್ಜಿ ಸುಮ್ಮನಾಗಬೇಡಿ, ಎರಡೂ ಬದಿ ಬದಲಿಸಿ. ಹಳೆ ಬದಿ ಹೊಸ ಬದಿಯನ್ನೂ ಸುಡುತ್ತದೆ.

ಪರದೆಯ ವೋಲ್ಟೇಜೇ ತಪ್ಪಿದ್ದರೆ ತಿದ್ದುವುದು ಸುಲಭ. ಮಲ್ಟಿಮೀಟರಿನಲ್ಲಿ 50.1, ಪರದೆಯಲ್ಲಿ 49.3 ಇದ್ದರೆ ಈಗಿನ ಗುಣಕವನ್ನು 50.1ರಿಂದ ಗುಣಿಸಿ 49.3ರಿಂದ ಭಾಗಿಸಿ ಹಾಕಿ. ಕರೆಂಟ್ ಸೆನ್ಸರಿಗೆ ಚಾರ್ಜರನ್ನೇ ತಕ್ಕಡಿ ಮಾಡಿಕೊಳ್ಳಿ: ಹಾರಾಟದಲ್ಲಿ ಖರ್ಚಾಯಿತೆಂದು ತೋರಿಸಿದ್ದು 10,900 ಮಿಲಿಆಂಪ್-ಅವರ್, ಚಾರ್ಜರ್ ತುಂಬಿದ್ದು 11,800 ಎಂದರೆ ಗುಣಕವನ್ನು 1.083 ಪಟ್ಟು ಏರಿಸಿ. ಮೂರು ಪ್ಯಾಕಿನ ಸರಾಸರಿ ತೆಗೆದುಕೊಂಡರೆ ಉತ್ತಮ. ಇಳಿದ ಬಿಸಿ ಪ್ಯಾಕನ್ನು ನೆರಳಿನಲ್ಲಿ ಆರಿಸಿ ಚಾರ್ಜಿಗೆ ಹಾಕಿ; ಹೊಲದ ಬದುವಿನಲ್ಲಿ ಜನರೇಟರ್ ಪಕ್ಕ ಒಂದು ಬಕೆಟ್ ಒಣ ಮರಳು ಇರಲಿ.

ಸಾಲುಸಾಲಾಗಿ ಬೆಳೆ ಬಿಟ್ಟುಹೋಗುವುದು

ಸಿಂಪಡಣೆಯ ದೋಷವನ್ನು ಸಾದಾ ನೀರಿನಲ್ಲಿ ಹುಡುಕಿ, ಔಷಧಿಯಲ್ಲಲ್ಲ. ಎಕರೆಗೆ 10 ಲೀಟರ್ ಬೀಳಬೇಕು, ವೇಗ ಸೆಕೆಂಡಿಗೆ 4 ಮೀಟರ್, ಪಟ್ಟಿ ಅಗಲ 4 ಮೀಟರ್ ಎಂದಾದರೆ ನಿಮಿಷಕ್ಕೆ 960 ಚದರ ಮೀಟರ್ ಮುಗಿಯುತ್ತದೆ. ಎಕರೆಗೆ 4047 ಚದರ ಮೀಟರ್, ಅಂದರೆ 4.2 ನಿಮಿಷ. ನಿಮಿಷಕ್ಕೆ 2.37 ಲೀಟರ್ ಬೇಕು, ನಾಲ್ಕು ನಾಜಲ್‌ಗೆ ಹಂಚಿದರೆ ತಲಾ 0.59. ಇದು 110 ಡಿಗ್ರಿಯ 015 ಅಳತೆಯ ಫ್ಲಾಟ್ ಫ್ಯಾನ್ ನಾಜಲ್ 3 ಬಾರ್ ಒತ್ತಡದಲ್ಲಿ ಕೊಡುವಷ್ಟೇ ನೀರು. 01 ಅಳತೆಯದು ಹಾಕಿದ್ದರೆ ಅದೇ ಒತ್ತಡದಲ್ಲಿ 0.39 ಮಾತ್ರ, ಪರದೆ ಏನೇ ಹೇಳಲಿ, ಎಕರೆಗೆ ಆರೂವರೆ ಲೀಟರ್ ಬಿದ್ದಿರುತ್ತದೆ.

ನಾಲ್ಕೂ ನಾಜಲ್ ಕೆಳಗೆ ಅಳತೆ ಜಾರ್ ಇಟ್ಟು ಒಂದು ನಿಮಿಷ ಪಂಪು ಓಡಿಸಿ. ಸರಾಸರಿಗಿಂತ ಶೇ 10 ಹೆಚ್ಚು ಬಂದದ್ದು ಸವೆದಿದೆ, ಬದಲಿಸಿ. ಕಡಿಮೆ ಬಂದದ್ದು ಕಟ್ಟಿದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು, ಸೂಜಿ ಚುಚ್ಚಿದರೆ ತೂತಿನ ಆಕಾರವೇ ಕೆಡುತ್ತದೆ. 01 ಮತ್ತು 015 ನಾಜಲ್‌ಗೆ 100 ಮೆಶ್ ಜಾಲರಿ ಬೇಕು. ನಾಲ್ಕರಲ್ಲೂ ಸಮವಾಗಿ ಕಡಿಮೆ ಬಂದರೆ ಪಂಪಿನ ಡಯಾಫ್ರಂ ಅಥವಾ ಟ್ಯಾಂಕಿನ ತಳದ ಜಾಲರಿ. ಸುಣ್ಣ ಸೇರಿದ ದ್ರಾವಣ, ಸರಿಯಾಗಿ ಕದಡದ ಪುಡಿ ಔಷಧಿ ಎರಡೂ ಅಲ್ಲೇ ಕೂರುತ್ತವೆ. ಪುಡಿಯನ್ನು ಮೊದಲು ಬಕೆಟ್‌ನಲ್ಲಿ ನೀರಿಗೆ ಕಲಸಿ ಸೋಸಿ ಹಾಕಿ, ಎಣ್ಣೆ ರೂಪದ ಇಸಿ ಔಷಧಿ ಆಮೇಲೆ.

ಫ್ಲೋ ಮೀಟರ್ ಸುಳ್ಳು ಹೇಳುವುದು ಹೆಚ್ಚಾಗಿ ಗಾಳಿಗುಳ್ಳೆಯಿಂದ. ಕೊಳವೆಯ ಗಾಳಿ ಪೂರ್ತಿ ಹೊರಹೋಗುವವರೆಗೆ ಓಡಿಸಿ, ಆಮೇಲೆ 5 ಲೀಟರ್ ಅಳೆದು ಸುರಿದು ಮೀಟರ್ ಎಷ್ಟು ಎಣಿಸಿತು ನೋಡಿ ಗುಣಕ ತಿದ್ದಿ. ದಿನದ ಕೆಲಸ ಮುಗಿದಾಗ ಮೂರು ಸಲ ಶುದ್ಧ ನೀರು ಓಡಿಸಿದ ಯಂತ್ರಕ್ಕೆ ಈ ಅಧ್ಯಾಯದ ಅರ್ಧ ಬೇಕಾಗುವುದಿಲ್ಲ.

ರಿಮೋಟ್ ಸಿಗ್ನಲ್ ಬೇಗ ಕೈಕೊಟ್ಟರೆ ಆಂಟೆನಾ ಕಾರ್ಬನ್ ಕೊಳವೆಗೆ ಅಂಟಿದೆಯೇ, ನಿಮಗೂ ಆಂಟೆನಾಗೂ ನಡುವೆ ತುಂಬಿದ ಟ್ಯಾಂಕ್ ಬರುತ್ತಿದೆಯೇ ನೋಡಿ. ಕಾರ್ಬನ್ನೂ ನೀರೂ 2.4 ಗಿಗಾಹರ್ಟ್ಸ್ ಸಿಗ್ನಲನ್ನು ನುಂಗುತ್ತವೆ.

ದುರಸ್ತಿಯ ನಂತರ ಕ್ಯಾಲಿಬ್ರೇಶನ್

ಕ್ರಮ ಮುಖ್ಯ: ಆಕ್ಸೆಲೆರೋಮೀಟರ್, ಲೆವೆಲ್, ಕಂಪಾಸ್, ರೇಡಿಯೊ. ಆಕ್ಸೆಲೆರೋಮೀಟರಿಗೆ ಆರು ಮಗ್ಗುಲು ತಿರುಗಿಸಬೇಕು. ಇಡೀ ಚೌಕಟ್ಟನ್ನು ಹೊರಳಿಸುವ ಬದಲು ಕಂಟ್ರೋಲರನ್ನು ಬಿಚ್ಚಿ ಮೇಜಿನ ಮೇಲೆ ಮುಗಿಸಿ, ಮತ್ತೆ ಕೂರಿಸಿ, ಚೌಕಟ್ಟನ್ನು ರಸಮಟ್ಟಕ್ಕೆ ನಿಲ್ಲಿಸಿ ಲೆವೆಲ್ ಮಾತ್ರ ಮಾಡಿ. ಕಂಪಾಸಿಗೆ ಟ್ಯಾಂಕ್, ಪ್ರೊಪೆಲ್ಲರ್ ತೆಗೆದು, ಹಾರಾಟದ ಬ್ಯಾಟರಿಯನ್ನು ಅದರ ಜಾಗದಲ್ಲೇ ಇಟ್ಟು, ಇಬ್ಬರು ಎತ್ತಿ ತಿರುಗಿಸಬೇಕು. ಜೇಬಿನ ಮೊಬೈಲು, ಬೈಕಿನ ಕೀಲಿ, ಕೈಗಡಿಯಾರ ಹೊರಗಿಡಿ. ಎತ್ತಲಾರದಷ್ಟು ದೊಡ್ಡ ಯಂತ್ರಕ್ಕೆ ‘ಲಾರ್ಜ್ ವೆಹಿಕಲ್’ ಎಂಬ ಬಗೆ ಇದೆ: ಜಿಪಿಎಸ್ ಸಿಕ್ಕ ಮೇಲೆ ಮೂತಿಯನ್ನು ಉತ್ತರಕ್ಕಿಟ್ಟು 0 ಎಂದು ಕೊಟ್ಟರೆ ಆಯಿತು. ನಿಖರತೆ ಸ್ವಲ್ಪ ಕಡಿಮೆ. ಇಎಸ್‌ಸಿಯ ಥ್ರಾಟಲ್ ವ್ಯಾಪ್ತಿ ಕಾರ್ಖಾನೆಯಲ್ಲೇ ನಿಗದಿಯಾಗಿ ಬರುವ ಮೋಟಾರ್ ಸೆಟ್‌ಗಳಲ್ಲಿ ಇಎಸ್‌ಸಿ ಕ್ಯಾಲಿಬ್ರೇಶನ್ ಮಾಡಲು ಹೋಗಬೇಡಿ; ಅದರ ಕಿರುಪುಸ್ತಕದ ಅಂಕಿಯನ್ನು ಕಂಟ್ರೋಲರಿಗೆ ಕೊಡಿ.

ಮೊದಲ ಹಾರಾಟ ಖಾಲಿ ಟ್ಯಾಂಕಿನಲ್ಲಿ, 3 ಮೀಟರ್ ಎತ್ತರದಲ್ಲಿ, ಎರಡು ನಿಮಿಷ, ಆಲ್ಟ್ ಹೋಲ್ಡ್‌ನಲ್ಲಿ. ಇಳಿಸಿ ಮೋಟಾರ್ ಬಿಸಿ ಅಳೆಯಿರಿ. ಎರಡನೆಯದು 5 ಲೀಟರ್ ನೀರಿನೊಂದಿಗೆ ಲಾಯ್ಟರ್‌ನಲ್ಲಿ, ನಾಲ್ಕೂ ದಿಕ್ಕಿಗೆ ಮೂತಿ ತಿರುಗಿಸಿ ತಲಾ ಅರ್ಧ ನಿಮಿಷ. ಗಿರಕಿ ಉಳಿದಿದ್ದರೆ ಯಾವುದೋ ಒಂದು ದಿಕ್ಕಿನಲ್ಲಿ ತಲೆ ಎತ್ತುತ್ತದೆ. ಮೂರನೆಯದು 10 ಲೀಟರ್ ನೀರು ತುಂಬಿ. ಈ ಮೂರನೆಯ ಲಾಗ್ ಅನ್ನು ‘ಆರೋಗ್ಯವಾಗಿದ್ದಾಗ’ ಎಂದು ಹೆಸರಿಟ್ಟು ಪ್ಯಾರಾಮೀಟರ್ ಫೈಲಿನ ಪಕ್ಕದಲ್ಲೇ ಉಳಿಸಿ. ಮುಂದಿನ ಸಲ ಮೋಟಾರಿನ ಅಂಕಿ 1580 ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆ ಬಂದಾಗ ಹೋಲಿಸಿ ನೋಡಲು ಅದು ಬೇಕು.